ಗೋಧಿ ಸೀಮೆಯ ಚರ್ಚು ನೋಡಿ ಬಂದವರು

ನಮ್ಮನೆಯವರು ಕೂತರೆ ಎಡಗಾಲಿನ ಮಂಡಿ ಅಲುಗುತ್ತಲೇ ಇರುತ್ತಿತ್ತು. ಊಟಕ್ಕೆ ಕೂತಾಗ ಪಕ್ಕದ ಚೊಂಬಿನ ನೀರು ಕೂಡ ನಡುಗುತ್ತಿತ್ತು. "ಕಾಲು ಅಲ್ಲಾಡಿಸ್ಬ್ಯಾಡ ಕಣ್ಲಾ, ಮನೆಗೆ ದರಿದ್ರ" ಎಂದು ನಮ್ಮತ್ತೆ ಗದರುತ್ತಿದ್ದರು. ನಿಲ್ಲಿಸಿ, ಒಂದು ತುತ್ತು ನುಂಗುವಷ್ಟರಲ್ಲಿ ಮತ್ತೆ ಶುರು. ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ, ಈ ವಯಸ್ಸಿನಲ್ಲಿ ಕಲಿಯುವುದೂ ಇಲ್ಲ. ಅವರೂರು ಬಿಳಿಗೆರೆ ಕಡೆ ಹೋಗಿ "ಕಾಲಿಗೆ ಚಕ್ರ ಕಟ್ಟಿಕೊಂಡವರು" ಎಂದರೆ ಹಳಬರಿಗೆ ಯಾರೆಂದು ಗೊತ್ತಾಗುತ್ತದೆ.

ಎಪ್ಪತ್ತರ ದಶಕದಲ್ಲಿ, ಮದುವೆಗೆ ಮುಂಚೆ, ಅವರು ರೈತರ ತಂಡವೊಂದರ ಜೊತೆ ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದಿದ್ದರು. ನಾವೆಲ್ಲ ಕ್ಯಾಲೆಂಡರಿನಲ್ಲಿ ನೋಡುವ ಎತ್ತರದ ಕಟ್ಟಡಗಳ ಅಮೆರಿಕವಲ್ಲ. ದೇಶದ ನಟ್ಟನಡುವಿನ ಗೋಧಿ ಸೀಮೆ. ಅಲ್ಲಿಯ ಒಬ್ಬ ರೈತ ಅಜ್ಜ, ಅಜ್ಜಿ ಇವರನ್ನು ಮನೆಯಲ್ಲಿಟ್ಟುಕೊಂಡಿದ್ದರು. ವಾರವೆಲ್ಲ ಹೊಲದ ಕೆಲಸ. ಭಾನುವಾರ ಬಂದರೆ ಅಜ್ಜಿ ತಾನೇ ವ್ಯಾನು ಓಡಿಸಿಕೊಂಡು ಇವರಿಗೆ ಸೀಮೆ ತೋರಿಸಲು ಹೊರಡುತ್ತಿದ್ದಳು. ಬೆಟ್ಟವಿಲ್ಲ, ಸಮುದ್ರವಿಲ್ಲ. ತೋರಿಸಲು ಇದ್ದದ್ದು ಹಳೇ ಚರ್ಚುಗಳೇ.

ಒಂದು ಚರ್ಚು ಕಟ್ಟುವಾಗ ಊರಿನ ಪ್ರತಿ ಮನೆಯವರೂ ಗಾಡಿಯಲ್ಲಿ ಕಲ್ಲು ತಂದು ಹಾಕಬೇಕೆಂಬ ಕಟ್ಟಳೆಯಿತ್ತಂತೆ. ಇನ್ನೊಂದು ಬರೀ ಹಲಗೆಯದು. ನಮ್ಮ ಕೊಬ್ಬರಿ ಮನೆಗಿಂತ ದೊಡ್ಡದಲ್ಲ, ಸುತ್ತ ಮೈಲಿಗಟ್ಟಲೆ ಗೋಧಿ, ಬಾಗಿಲಿಗೆ ಬೀಗವೇ ಇಲ್ಲ. ಚರ್ಚು ಬೇಸರವಾದ ದಿನ ಒಂದು ಹುರಿಯ ಉಂಡೆ ತೋರಿಸಿದ್ದಳು. ರೈತನೊಬ್ಬ ಹುಲ್ಲಿನ ಹೊರೆ ಕಟ್ಟುವ ಹುರಿಯ ತುಂಡುಗಳನ್ನು ಸುತ್ತುತ್ತಾ ಹೋಗಿ, ಅದು ಆಳಿಗಿಂತ ಎತ್ತರ ಬೆಳೆದು, ಜನ ಕಾರು ಹತ್ತಿಕೊಂಡು ನೋಡಲು ಬರುತ್ತಿದ್ದರಂತೆ. "ನಮ್ ನಾರು ಹೊಸೆಯೋರು ಯಾಕ್ ಸುತ್ಲಿಲ್ವೋ ಕಾಣೆ, ಇಷ್ಟೊತ್ಗೆ ಇಲ್ಲೂ ಕಾರು ನಿಲ್ತಿದ್ವು" ಎಂದು ಇವರು ನಗುತ್ತಿದ್ದರು.

ಅಜ್ಜಿ ತೆಗೆದುಕೊಟ್ಟ ಬಣ್ಣದ ಫೋಟೋಗಳನ್ನು ಇವರು ಜೋಪಾನವಾಗಿ ತಂದರು. ಆಪತ್ತು ಬಂದದ್ದು ಅವುಗಳಿಂದಲೇ. ಹೆಣ್ಣು ನೋಡಲು ಹೋದಲ್ಲೆಲ್ಲ, ಅಮೆರಿಕದಲ್ಲಿ ಏನು ನೋಡಿದಿರಿ ಎಂದು ಕೇಳುತ್ತಿದ್ದರು. ಇವರು ಚೀಲದಿಂದ ಫೋಟೋ ತೆಗೆಯುತ್ತಿದ್ದರು. ಒಂದರ ಹಿಂದೊಂದು ಚರ್ಚು, ಎಲ್ಲದರ ಮುಂದೂ ಇವರು. "ಹುಡುಗ ಜಾತಿ ಕೆಡಿಸ್ಕಂಡು ಬಂದವ್ನೆ" ಎಂಬ ಸುದ್ದಿ ನೊಣವಿನಕೆರೆ ದಾಟಿ ಹೋಯಿತು. ಮೂರು ಸಂಬಂಧ ಮುರಿದವು. "ಫೋಟೋ ಪೆಟ್ಟಿಗೇಲಿ ಮಡಗ್ಲಾ" ಎಂದು ಇವರ ಸೋದರಮಾವ ಕೈ ಮುಗಿದು ಕೇಳಿಕೊಂಡರೂ ಇವರು ಕೇಳಲಿಲ್ಲ.

ನಾಲ್ಕನೆಯದು ನಾನು. ನಮ್ಮೂರು ತುರುವೇಕೆರೆ. ನಮ್ಮಪ್ಪ ಸೋಮವಾರ ಒಪ್ಪತ್ತು ಮಾಡುವವರು, ಮಾತು ಕಡಿಮೆ. ಫೋಟೋಗಳು ಕೈಯಿಂದ ಕೈಗೆ ದಾಟಿ ಒಳಮನೆಗೂ ಬಂದವು. ಹಾಗಾಗಿ ಅವರು ನನ್ನನ್ನು ನೋಡುವ ಮೊದಲೇ ನಾನು ಅವರನ್ನು ನೋಡಿದೆ. ಆ ಗೋಧಿ ಸೀಮೆಯ ಅಜ್ಜನ ಉದ್ದನೆಯ ಕೋಟು ತೊಟ್ಟಿದ್ದರು. ಹಿಂದೆ ಚರ್ಚಿನ ಒಂದೊಂದು ಕಲ್ಲೂ ಸ್ಪಷ್ಟವಾಗಿತ್ತು, ಮುಂದೆ ನಿಂತವರ ಮುಖ ಮಾತ್ರ ಮಸುಕು. ಫೋಟೋ ತೆಗೆಯುವಷ್ಟು ಹೊತ್ತೂ ನೆಟ್ಟಗೆ ನಿಂತಿರಲಿಲ್ಲ! ನನಗೆ ನಗು ಬಂತು. ತಿಪಟೂರಿನಿಂದಾಚೆಗೆ ನಾನು ಏನನ್ನೂ ಕಂಡವಳಲ್ಲ. ಹೋದರೆ ಈ ಮನುಷ್ಯನ ಜೊತೆ ಹೋಗಬೇಕು ಅನ್ನಿಸಿಬಿಟ್ಟಿತು.

ಅಷ್ಟರಲ್ಲಿ ನಡುಮನೆಯಿಂದ ಅಪ್ಪನ ದನಿ ಕೇಳಿತು. "ಒಳಕ್ಕೋಗಿ ಕೈ ಮುಗಿದ್ಯೇನಪ್ಪ, ಇಲ್ಲ ಸುಮ್ನೆ ನೋಡ್ಕಂಡು ಬಂದ್ಯಾ?"

ಸೋದರಮಾವ ಜೋರಾಗಿ ಕೆಮ್ಮಿದರು. ಇಲ್ಲ ಅನ್ನು ಮಾರಾಯ ಎನ್ನುವ ಕೆಮ್ಮು ಅದು.

"ಮುಗಿದೆ ಕಣ್ರೀ. ದೇವ್ರ ಮನೆ ಒಳಕ್ಕೋಗಿ ಜೇಬಲ್ಲಿ ಕೈ ಇಟ್ಕಂಡು ನಿಂತ್ಕಳಕ್ಕಾಗ್ತದಾ?"

ಅಪ್ಪ, "ಆಗ್ಲಿ, ಹೇಳಿ ಕಳಿಸ್ತೀವಿ" ಎಂದರು. ಆ ಮಾತಿನ ಅರ್ಥ ಬೇಡ ಎಂದೇ, ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಕೇಳಿಯೇಬಿಟ್ಟೆ: "ಏನಂತ ಬೇಡ್ಕಂಡ್ರಿ?"

ಅಮ್ಮ ಹಿಂದಿನಿಂದ ಚಿವುಟಿದಳು. ಅವರು ನನ್ನ ಕಡೆ ತಿರುಗಿದರು. "ಬೇಗ ಊರು ಮುಟ್ಸಪ್ಪ ಅಂತ. ಮುದ್ದೆ ಮುಖ ನೋಡಿ ಮೂರು ತಿಂಗ್ಳಾಗಿತ್ತು ಕಣ್ರೀ."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಬೇಡ ಎನ್ನುವುದು ಕಷ್ಟವಾಯಿತೋ ಏನೋ, ಒಪ್ಪಿಕೊಂಡರು.

ಮದುವೆಯಾದ ಮೇಲೆ ನಾನು ಮನೆಯಲ್ಲಿ ಕೂತದ್ದಕ್ಕಿಂತ ಅವರ ಮೋಟಾರ್ ಸೈಕಲ್ಲಿನ ಹಿಂದೆ ಕೂತದ್ದೇ ಹೆಚ್ಚು. ಒಲೆಯ ಮೇಲೆ ಎಸರಿಟ್ಟಿರುತ್ತಿದ್ದೆ, "ನಡಿ, ಅರಳಗುಪ್ಪೆ ಗುಡಿ ನೋಡ್ಕಂಡ್ ಬರಣ" ಎಂದು ಅಂಗಳದಲ್ಲಿ ಗಾಡಿ ಒದೆಯುತ್ತಿದ್ದರು. ಗುಡಿ, ಬಸದಿ, ದರ್ಗಾ, ಚರ್ಚು, ಹಳೆಯದೆಂದರೆ ಸಾಕು. ಸಿಟ್ಟು ಬಂದು ಒಮ್ಮೆ, ಇದೇನು ಹುಚ್ಚು ನಿಮಗೆ ಎಂದೆ.

"ಆ ಅಜ್ಜಿ ನಂಗೆ ಅಷ್ಟೆಲ್ಲ ತೋರ್ಸಿ, ನಿಮ್ಮೂರಲ್ಲಿ ಹಳೇದು ಏನೈತೆ ಅಂದ್ಳು. ತೆಂಗಿನಮರ ಅಂದೆ. ನಾಚ್ಕೆಯಾಯ್ತು ಕಣೇ" ಎಂದರು.

ನಮ್ಮ ತುರುವೇಕೆರೆಯ ದೊಡ್ಡ ಕಲ್ಲು ಬಸವಣ್ಣನ ಮೈ ಯಾಕೆ ಅಷ್ಟು ನುಣುಪು ಎಂದು ಅವರು ಕೇಳಿದಾಗ ನನಗೂ ಹಾಗೇ ಆಯಿತು. ಅದರ ಮುಂದೆ ಆಡಿ ಬೆಳೆದವಳು ನಾನು, ಒಂದು ದಿನವೂ ಮುಟ್ಟಿ ನೋಡಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ತೋಟಕ್ಕೆ ಹೊರಟು ಗಾಡಿ ಒದೆಯುವಾಗಲೇ ಎದೆ ಹಿಡಿದುಕೊಂಡು ಬಿದ್ದರು. ಆಸ್ಪತ್ರೆ ಮುಟ್ಟಲಿಲ್ಲ. ಆಮೇಲೆ ಎಲ್ಲರೂ ನನಗೆ ಹೇಳಿದ್ದು ಒಂದೇ ಮಾತು: ಇನ್ನು ಮನೆಯಲ್ಲಿರು. ನಾನೂ ಗೋಡೆಗೊರಗಿ ಕೂತುಬಿಟ್ಟೆ. ಕೂತಷ್ಟೂ ಮೈಯೆಲ್ಲ ಚಡಪಡಿಸುತ್ತಿತ್ತು. ಎದ್ದು ಎಲ್ಲಿಗೆ ಹೋಗಲಿ, ಯಾರ ಜೊತೆ ಹೋಗಲಿ ಎಂದು ಅಳುತ್ತಿದ್ದೆ.

ಕಾರ್ಯವೆಲ್ಲ ಕಳೆದ ಮೇಲೆ ಅಪ್ಪ ಬಂದರು. "ಏಳವ್ವ, ತಿಪಟೂರಿಗೆ ಹೋಗಿ ಬರಣ" ಎಂದರು. ಬಸ್ಸಿಳಿದ ಅಪ್ಪ ಕೊಬ್ಬರಿ ಮಂಡಿಯ ಕಡೆಗೆ ಹೋಗಲಿಲ್ಲ. ನೆಟ್ಟಗೆ ನಡೆದು ಚರ್ಚಿನ ಗೇಟಿನಲ್ಲಿ ನಿಂತರು. ಜೀವನವಿಡೀ ಆ ಊರಿಗೆ ಕೊಬ್ಬರಿ ತಂದವರು, ಅದರೊಳಗೆ ಕಾಲಿಟ್ಟಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದರು. ಯಾವ ಕಡೆ ಮುಖ ಮಾಡಬೇಕೆಂದು ತಿಳಿಯದೆ ಕೊಂಚ ಹೊತ್ತು ಸುತ್ತ ನೋಡಿ, ಕೊನೆಗೆ ಕೈ ಮುಗಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಅಪ್ಪನ ಕಣ್ಣು ತೇವವಾಗಿತ್ತು. "ಅವತ್ತು ಅವ್ನು ಸುಳ್ಳು ಹೇಳಿದ್ರೆ ಸಲೀಸಾಗಿ ಒಪ್ಕಂತಿದ್ದೆ ಕಣವ್ವ. ನಿಜ ಹೇಳ್ದ ಅಂತ ಬ್ಯಾಡ ಅನ್ನಾಕ್ ಹೊಂಟಿದ್ದೆ, ನೋಡು" ಎಂದರು.

ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ, ಮನೆಗೆ ಹೋಗುವ ಬಿಳಿಗೆರೆ ಬಸ್ಸು ಎದುರಿಗೇ ನಿಂತಿದ್ದರೂ, ಹಳೇ ಗುಡಿಯಿರುವ ಅರಸೀಕೆರೆಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನನ್ನು ಕೇಳಿದೆ. ಅಪ್ಪ ಯಾಕೆ ಎಂದು ಕೇಳದೆ ನನ್ನ ಹಿಂದೆ ಹತ್ತಿದರು.