ಹಳೆಯ ಡಿಫೆನ್ಸ್ ಆಟಗಾರನನ್ನು ಬಿಟ್ಟುಕೊಟ್ಟ ಬೇಸಿಗೆ

ನನ್ನ ಗಂಡನಿಗೆ ಸ್ಟ್ರೋಕ್ ಆದ ಬೆಳಿಗ್ಗೆ ಚಮಚ ಕೈಯಿಂದ ಜಾರಿ ಬಿತ್ತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಅದು ಸರಿಯಲ್ಲ. ಚಮಚವನ್ನು ಅವರು ಬಟ್ಟಲಿನ ಪಕ್ಕ ನೆಟ್ಟಗೆ ಇಟ್ಟರು. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. ಮಾತು ಬರಲಿಲ್ಲ. ನಾನು ಫೋನ್ ಹುಡುಕಿದೆ. ಅದು ನನ್ನ ಕೈಯಲ್ಲೇ ಇತ್ತು.

ಆಸ್ಪತ್ರೆಯಿಂದ ವೆಸ್ಟ್ ಕೊವಿನಾದ ಮನೆಗೆ ಬರುವ ಹೊತ್ತಿಗೆ ಕೈಕಾಲು ಬಹುಮಟ್ಟಿಗೆ ಸರಿಯಾಗಿದ್ದವು. ಎಲ್ಲವೂ ಅರ್ಥವಾಗುತ್ತಿತ್ತು. ಮಾತು ಮಾತ್ರ ತಡವಾಗಿ, ಒಂದೊಂದೇ ಪದವಾಗಿ ಬರುತ್ತಿತ್ತು. ಮಾತಾಡಿದಷ್ಟೂ ಒಳ್ಳೆಯದು ಎಂದು ಮಾತಿನ ಅಭ್ಯಾಸ ಮಾಡಿಸುವ ಥೆರಪಿಸ್ಟ್ ಹೇಳಿದ್ದಳು. ಆದರೆ ಕಾಯಿಲೆಯವರ ಎದುರು ‘ಇಲ್ಲ’ ಎನ್ನಬಾರದು ಎಂಬುದು ನಮ್ಮವರ ರೂಢಿ. ನೋಡಲು ಬಂದವರು, ನನ್ನ ಗಂಡ ಅರ್ಧ ಪದ ಹೇಳುವಷ್ಟರಲ್ಲಿ, “ಹೌದು ಅಂಕಲ್, ಕರೆಕ್ಟ್ ಅಂಕಲ್” ಎಂದು ಮುಗಿಸಿಬಿಡುತ್ತಿದ್ದರು. ಇವರು ಬಾಯಿ ತೆರೆಯುವುದೇ ಕಡಿಮೆಯಾಗುತ್ತ ಬಂತು. ಹೀಗೇ ಪೂರ್ತಿ ನಿಂತುಹೋದರೆ ಎಂಬ ಭಯ ನನ್ನನ್ನು ಹಿಡಿಯಿತು.

ಅದೇ ಬೇಸಿಗೆ, ಪಂದ್ಯಗಳಿಲ್ಲದ ತಿಂಗಳುಗಳಲ್ಲಿ, ಅವರು ಪ್ರಾಣ ಬಿಡುವ ಐಸ್ ಹಾಕಿ ತಂಡ ಒಂದು ಟ್ರೇಡ್ ಮಾಡಿತು. ಗೋಲಿನತ್ತ ಬರುವ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ತಡೆಯುವ, ವಯಸ್ಸಾದ ಡಿಫೆನ್ಸ್ ಆಟಗಾರನೊಬ್ಬನನ್ನು ಬೇರೆ ತಂಡಕ್ಕೆ ಕೊಟ್ಟು, ಗೋಲು ಹೊಡೆಯುವ ಎಳೆ ಹುಡುಗನೊಬ್ಬನನ್ನು ತಂದಿತು. ಹಿಂದಾದರೆ ಅವರು ಸ್ಯಾನ್ ಪೀಡ್ರೊ ಬಂದರಿನ ಕಚೇರಿಯಿಂದ ಮನೆ ತಲುಪುವವರೆಗೂ ಫೋನಿನಲ್ಲಿ ಇದೇ ಜಗಳ ನಡೆಯುತ್ತಿತ್ತು. ಆ ಕಡೆ ಇರುತ್ತಿದ್ದವನು ಸ್ಯಾನ್ ಡಿಯಾಗೋದ ಕರ್ನಿ ಮೆಸಾದಲ್ಲಿ ಕೆಲಸ ಮಾಡುವ ಧಾರವಾಡ ಕಡೆಯ ಗೆಳೆಯ. ಇವರು ಹೌದೆಂದರೆ ಅವನು ಅಲ್ಲ ಎನ್ನುತ್ತಿದ್ದ.

ಆ ಗೆಳೆಯ ಒಂದು ಶನಿವಾರ ಸ್ಯಾನ್ ಡಿಯಾಗೋದಿಂದ ಡ್ರೈವ್ ಮಾಡಿಕೊಂಡು ಬಂದ. ನನ್ನ ಗಂಡ ಬೆಳಿಗ್ಗೆಯೇ ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿ ಕುಳಿತಿದ್ದರು.

“ಟ್ರೇಡ್...” ಎಂದರು. ಸ್ವಲ್ಪ ತಡೆದು, “ತಪ್ಪು.”

“ಹೌದ್ರಿ ಅಣ್ಣಾ. ನೀವು ಹೇಳೂದು ಖರೇ ಐತಿ.”

ನನ್ನ ಗಂಡ ಅವನನ್ನೇ ನೋಡಿದರು. ಕಾಫಿ ಮುಗಿಸಿ, ಮತ್ತೆ ಹೇಳಿದರು: “ಟ್ರೇಡ್... ಸರಿ.”

“ಹಂಗೂ ಅನ್ನಬಹುದ್ರಿ.”

ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. “ಹೊರಡು” ಎಂದರು. ಆ ಪದ ತಡೆಯಿಲ್ಲದೆ ಬಂತು.

ಗೆಳೆಯ ಕಾರಿನ ಕೀ ಹಿಡಿದು ಎದ್ದು ನಿಂತ. ಬಾಗಿಲವರೆಗೆ ಜೊತೆಗೆ ಹೋದೆ. “ತಪ್ಪೇನ್ ಮಾಡಿದೆ ನಾ, ವೈನಿ?” ಎಂದು ಅತ್ತಿಗೆಯನ್ನು ಕೇಳುವಂತೆ ಮೆಲ್ಲಗೆ ಕೇಳಿದ.

“ಮುಂಚೆ ಯಾವತ್ತಾದ್ರೂ ಅವರ ಮಾತು ಒಪ್ಪಿದ್ರಾ ನೀವು?” ಎಂದೆ.

ಚಪ್ಪಲಿಗೆ ಕಾಲು ತೂರಿಸಿದ್ದವನು ಹಾಗೆಯೇ ನಿಂತ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅದೇ ಕುರ್ಚಿಯಲ್ಲಿ ಕುಳಿತ.

“ಅಣ್ಣಾ, ನಿಮಗ ಹಾಕಿ ತಿಳಿಯೂದಿಲ್ಲ. ಮೊದಲೂ ತಿಳೀತಿರಲಿಲ್ಲ. ಆ ಮುದುಕನ್ನ ಕಳಿಸಿದ್ದು ಚಲೋ ಆತು. ಕಾಲೇ ಸರಿಯೂದಿಲ್ಲ ಅವಂದು. ಅವನಿಗಿಂತ ನಮ್ಮ ವೈನಿ ಜೋರು ಸ್ಕೇಟ್ ಮಾಡ್ತಾರ.”

ನನ್ನ ಗಂಡ ತಿರುಗಿದರು. ತೋರುಬೆರಳು ಮೇಲೆದ್ದಿತು. “ಕಾಲಲ್ಲ” ಎಂದರು. ಮುಂದಿನ ಪದ ಸಿಗಲಿಲ್ಲ. ಅವರು ಹುಡುಕುತ್ತಿದ್ದ ಪದ ನನಗೆ ಗೊತ್ತಿತ್ತು, ಗೆಳೆಯನಿಗೂ ಗೊತ್ತಿತ್ತು ಎಂದುಕೊಳ್ಳುತ್ತೇನೆ. ಇಬ್ಬರೂ ಹೇಳಿಕೊಡಲಿಲ್ಲ. ಹೊರಗೆ ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದ ಯಂತ್ರ ನಿಂತು, ಮತ್ತೆ ಶುರುವಾಯಿತು.

“ಜಾಗ” ಎಂದರು. “ನಿಲ್ಲೋ ಜಾಗ. ಪಕ್ ಬರೋ ಮುಂಚೆ... ಅಲ್ಲಿರ್ತಾನೆ.”

ಆಸ್ಪತ್ರೆಯಿಂದ ಬಂದ ಮೇಲೆ ಅವರು ಒಮ್ಮೆಗೇ ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ಕಾಫಿ ಲೋಟಗಳನ್ನು ತೆಗೆಯಲು ಹೋಗಲಿಲ್ಲ. ಗೆಳೆಯ ಶಹಬ್ಬಾಸ್ ಎನ್ನಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

“ಹೌದೇನ್ರಿ? ಹಂಗಾದ್ರ ಹೋದ ಸೀಸನ್ ಅಷ್ಟು ಗೋಲು ಬೀಳೂಮುಂದ ಎಲ್ಲಿ ನಿಂತಿದ್ದಾ ಅಂವಾ?”

ನನ್ನ ಗಂಡ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.