ಹಾಡಷ್ಟೇ ಬರುವ ಡಬ್ಬಿ

ಮೊನ್ನೆ ಸಂಜೆ ಮಧುಗಿರಿ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತಿದ್ದ ಹುಡುಗಿಯೊಬ್ಬಳು ಗಂಟುಬಿದ್ದ ಇಯರ್‌ಫೋನ್ ತಂತಿಯನ್ನು ಬಹಳ ತಾಳ್ಮೆಯಿಂದ ಬಿಡಿಸುತ್ತಿದ್ದಳು. ತಂತಿಯಿರುವ ಇಯರ್‌ಫೋನ್ ನೋಡಿ ಎಷ್ಟು ದಿನವಾಗಿತ್ತೋ. ನೋಡುತ್ತಾ ನೋಡುತ್ತಾ ನಮ್ಮಕ್ಕ ನೆನಪಾದಳು.

ಅಕ್ಕ ಬರಗೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರು. ನಾಲ್ಕು ವರ್ಷದ ಹಿಂದೆ ಎರಡು ದಿನದ ಮಟ್ಟಿಗೆ ನಮ್ಮ ಮನೆಗೆ ಬಂದಿದ್ದಳು. ಅವರೆಕಾಯಿ ಸುಲಿಯುತ್ತಾ ಫೋನಿನಲ್ಲಿ ಹಾಡು ಹಾಕಿಕೊಂಡರೆ, ಪಲ್ಲವಿ ಮುಗಿಯುವುದರೊಳಗೆ ಟಣ್ ಎಂದು ಮೆಸೇಜು. ಮಕ್ಕಳ ತೂಕ ಕಳಿಸಿ, ಮೊಟ್ಟೆ ಕೊಟ್ಟ ಫೋಟೊ ಕಳಿಸಿ. ಅವಳು ಕೈ ಒರೆಸಿಕೊಂಡು ಉತ್ತರ ಕೊಡುವಷ್ಟರಲ್ಲಿ ಹಾಡು ಎಲ್ಲಿಗೋ ಹೋಗಿರುತ್ತಿತ್ತು.

“ಲೇ, ಹಾಡು ಮಾತ್ರ ಬರೋ ಡಬ್ಬಿ ಈಗ್ಲೂ ಸಿಗ್ತದೇನ್ಲಾ?” ಎಂದು ಕೇಳಿದಳು.

“ಫೋನಲ್ಲೇ ಎಲ್ಲಾ ಐತಲ್ಲಕ್ಕ.”

“ಅದೇ ಕಣ್ಲಾ ತೊಂದ್ರೆ. ಎಲ್ಲಾ ಐತೆ.”

ನಾನು ನಕ್ಕೆ. ಹಾಗೆಂದು ನಾನೇನು ಕಡಿಮೆಯವನಲ್ಲ; ಹಾಡು ಕೇಳಲೆಂದು ಫೋನ್ ತೆಗೆದು, ಅರ್ಧ ಗಂಟೆಯ ಮೇಲೆ ಪರಿಚಯವೇ ಇಲ್ಲದವರ ಗೃಹಪ್ರವೇಶದ ಫೋಟೊ ನೋಡುತ್ತಾ ಕೂತಿರುವವನು. ನೀವೂ ಹಾಗೇ ಇರಬಹುದು, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಆದರೂ ಕುತೂಹಲಕ್ಕೆ ಹುಡುಕಿದೆ. ಮಧುಗಿರಿಯ ಅಂಗಡಿಯವರು ನನ್ನನ್ನೇ ಮೇಲಿಂದ ಕೆಳಗೆ ನೋಡಿದರು. ಕೊರಟಗೆರೆಯಲ್ಲಿ ಒಬ್ಬರು ರೇಡಿಯೊ ತೋರಿಸಿದರು. ಕೊನೆಗೆ ಶಿರಾದಲ್ಲಿ, ರಿಪೇರಿ ಅಂಗಡಿಯ ವಯಸ್ಸಾದ ಸಾಬರು ಒಳಗಿನ ಕಪಾಟಿನಿಂದ ಬೆಂಕಿಪೊಟ್ಟಣದಷ್ಟಿದ್ದ ಒಂದನ್ನು ತೆಗೆದು, ಅಂಗಿಯ ತುದಿಯಿಂದ ಒರೆಸಿ ಕೊಟ್ಟರು. “ನೋಡಿ ಭಾಯಿ, ಇದ್ರಲ್ಲಿ ಫೋನ್ ಬರಲ್ಲ, ಫೋಟೊ ಬರಲ್ಲ. ಆಮೇಲೆ ವಾಪಸ್ ತರಬ್ಯಾಡಿ” ಎಂದರು.

ಯಾವ ಹಾಡು ತುಂಬಿಸಲಿ ಎಂದು ಕೇಳಿದರೆ ಅಕ್ಕ ನನ್ನ ಊಹೆಯನ್ನೆಲ್ಲ ಸುಳ್ಳು ಮಾಡಿದಳು. ಸಿನಿಮಾದ್ದೂ ಅಲ್ಲ, ದೇವರದ್ದೂ ಅಲ್ಲ. “ಕೊಳಲು ಹಾಕ್ಬುಡು. ಮಾತೇ ಬ್ಯಾಡ. ಬೆಳಗ್ಗಿಂದ ಬರೀ ಮಾತೇ ಆಗಿರ್ತದೆ.”

ಅಲ್ಲಿಂದ ಅವಳದೊಂದು ಕ್ರಮ ಶುರುವಾಯಿತು. ಸಂಜೆ ಐದೂವರೆಯಿಂದ ಆರರವರೆಗೆ ಫೋನ್ ಆಫ್. ಮನೆ ಹಿಂದಿನ ಹುಣಸೆಮರದ ಕೆಳಗೆ ಕೂತು ಕೊಳಲು.

ತಿಂಗಳು ಕಳೆಯುವುದರೊಳಗೆ ತೊಂದರೆ ಬಂತು. ಅವಳ ಮೇಲ್ವಿಚಾರಕಿ ಮೂರು ದಿನ ಆ ಹೊತ್ತಿಗೇ ಫೋನ್ ಮಾಡಿ, ಅವಳು ಸಿಗದೆ, ನೋಟಿಸು ಕೊಡುವುದಾಗಿ ಹೇಳಿದರು. “ಆ ಅರ್ಧ ಗಂಟೆ ಕೊಳಲು ಕೇಳ್ತೀನಿ, ಸಿಗಲ್ಲ ಮೇಡಂ. ಆರಕ್ಕೆ ನಾನೇ ಮಾಡ್ತೀನಿ” ಎಂದಳಂತೆ ಅಕ್ಕ. ಕೇಳಿ ನನಗೆ ಗಾಬರಿ.

“ತಪ್ಪಾಯ್ತು ಅಂದ್ಬುಡಕ್ಕ. ಆ ಡಬ್ಬೀನ ಬೀರುವಲ್ಲಿಡು” ಎಂದೆ.

“ತಪ್ಪು ಮಾಡಿದ್ರೆ ತಾನೇ ಅನ್ನೋದು?”

ಮುಂದಿನ ವಾರ ಮೇಲ್ವಿಚಾರಕಿ ಅಂಗನವಾಡಿಗೇ ಬಂದರು. ರಿಜಿಸ್ಟರುಗಳನ್ನೆಲ್ಲ ತೆಗೆಸಿ ನೋಡಿದರು. ಒಂದು ದಿನದ ಕೆಲಸವೂ ಬಾಕಿಯಿರಲಿಲ್ಲ. “ಸಂಜೆ ಅದೇನು ಕೇಳ್ತೀರೋ ತೋರಿಸಿ” ಎಂದರು. ಅಕ್ಕ ಡಬ್ಬಿಯನ್ನು ತಂತಿಯ ಸಮೇತ ಅವರ ಕೈಗಿಟ್ಟಳು. ಅವರು ಕಿವಿಗೆ ಹಾಕಿಕೊಂಡು ಮಕ್ಕಳ ಚಾಪೆಯ ಮೇಲೆಯೇ ಕೂತರು. ಬ್ಯಾಗಿನೊಳಗೆ ಅವರ ಫೋನ್ ಎರಡು ಸಲ ಹೊಡೆದುಕೊಂಡಿತಂತೆ. ತೆಗೆಯಲಿಲ್ಲ. ಎದ್ದು ಹೋಗುವಾಗ, “ಆರಕ್ಕೆ ಮರೀದೆ ಮಾಡಿ” ಎಂದಷ್ಟೇ ಹೇಳಿದರು. ನೋಟಿಸು ಬರಲಿಲ್ಲ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ನನ್ನ ಬಸ್ಸು ಬಂತು. ಕಿಟಕಿಯ ಪಕ್ಕ ಕೂತು ಅಕ್ಕನಿಗೆ ಫೋನ್ ಮಾಡಲು ಹೋದೆ. ಗಂಟೆ ಐದೂಮುಕ್ಕಾಲು. ಫೋನನ್ನು ಜೇಬಿಗೆ ಹಾಕಿಕೊಂಡು, ಆರಾದ ಮೇಲೆ ಮಾಡಿದೆ.

“ಏನ್ಲಾ?” ಎಂದಳು.

ಹೇಳುವಂಥ ವಿಶೇಷವೇನೂ ಇರಲಿಲ್ಲ. “ಇವತ್ತು ಏನ್ ಕೇಳ್ದೆ ಅಕ್ಕ?” ಎಂದೆ. ಇಷ್ಟು ವರ್ಷದಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

ಅವಳು ಮೆಲ್ಲಗೆ ಗುನುಗತೊಡಗಿದಳು. ಬಸ್ಸಿನ ಸದ್ದಿನಲ್ಲಿ ಅರ್ಧಂಬರ್ಧ ಕೇಳುತ್ತಿತ್ತು. ನಾನು ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡೆ.