ಬಡಗಿಯ ಬ್ರೇಕ್ ಪರೀಕ್ಷೆ

ನಮ್ಮ ಬೀದಿಯ ಬಡಗಿಗೆ ಅರವತ್ತು ದಾಟಿದೆ, ಮಂಡಿಗಳು ಕೈಕೊಟ್ಟಿವೆ. ಪ್ರವಾಸದ ವ್ಯಾನುಗಳಿಗೆ, ಬಿಡಿಸಿದರೆ ಹಾಸಿಗೆಯಾಗುವ ಸೀಟು ಮಾಡುವುದು ಅವನ ಕೆಲಸ. ತನ್ನ ಕೈಯನ್ನೇ ನಂಬದ ಮನುಷ್ಯ. ಒಪ್ಪಿಸುವ ಮುನ್ನ, ವ್ಯಾನಿನಲ್ಲಿ ಕೂರಿಸಿದ ಸೀಟಿಗೆ ಎರಡು ಮರಳುಮೂಟೆ ಬಿಗಿಯುತ್ತಾನೆ. ಶಾಲಾ ವ್ಯಾನು ಓಡಿಸುವ ಹೆಂಡತಿ ಖಾಲಿ ಮೈದಾನದಲ್ಲಿ ಆ ಗಾಡಿ ಓಡಿಸಿ ಗಕ್ಕನೆ ಬ್ರೇಕ್ ಹಾಕುತ್ತಾಳೆ.

ಈ ಸಲ ಮೂಟೆಗಳ ಸಮೇತ ಸೀಟೇ ಕಿತ್ತು ಮುಂದಕ್ಕೆ ಬಂತು. ದಣಿವಿನಲ್ಲಿ ಅವನು ಅದನ್ನು ನೆಲದ ಹಲಗೆಗಷ್ಟೇ ಬಿಗಿದಿದ್ದ, ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಸೇರಿಸಿರಲಿಲ್ಲ.

"ಕಣ್ಣು ಎಲ್ಲಿಟ್ಟಿದ್ರಿ?" ಎಂದಳು ಹೆಂಡತಿ.

"ಸುಮ್ನೆ ಸ್ಪ್ಯಾನರ್ ಕೊಡೇ."

ನರಳುತ್ತಲೇ ಗಾಡಿಯಡಿ ನುಸುಳಿ, ಚೌಕಟ್ಟಿನವರೆಗೂ ಉದ್ದನೆಯ ಬೋಲ್ಟುಗಳನ್ನಿಳಿಸಿ ಬಿಗಿದ. ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು. ಅವಳು ಮತ್ತೆ ಬ್ರೇಕ್ ಒತ್ತಿದಳು. ಸೀಟು ಕೂದಲೆಳೆಯಷ್ಟೂ ಅಲುಗಲಿಲ್ಲ.

ಮೂಟೆ ಇಳಿಸಿ, ಸೀಟು ಬಿಡಿಸಿ, ಹಾಸಿಗೆ ಸಮವಾಗಿದೆಯೇ ಎಂದು ನೋಡಲು ಅವನು ಅದರ ಮೇಲೆ ಮೈ ಚಾಚಿದ. ಅಷ್ಟೇ, ಗೊರಕೆ ಶುರುವಾಯಿತು.

ಗಾಡಿಯ ಯಜಮಾನ ಬಂದು, "ಕೆಲ್ಸ ಆಯ್ತೇನಮ್ಮಾ?" ಎಂದ.

ಅವಳು ಸದ್ದಾಗದಂತೆ ವ್ಯಾನಿನ ಬಾಗಿಲೆಳೆದಳು.

"ಇನ್ನೊಂದು ಗಂಟೆ ಬಿಟ್ಟು ಬನ್ನಿ ಸಾರ್. ಮಲಗಿ ಪರೀಕ್ಷೆ ಮಾಡ್ತಾ ಇದಾರೆ."